ನೀರನ್ನು ಪಂಪು ಎಳೆಯುವುದಿಲ್ಲ, ಗಾಳಿ ತಳ್ಳುತ್ತದೆ

ನಾನು ಓದಿದ್ದು ಏಳನೇ ಕ್ಲಾಸು. ಅದಕ್ಕೇ ಭೌತಶಾಸ್ತ್ರದ ಬಗ್ಗೆ ಬರೆಯಲು ಕೂತಾಗ ಮನೆಯಲ್ಲಿ ಎಲ್ಲರೂ ನಕ್ಕರು. ಆದರೆ ಈ ಶಾಸ್ತ್ರದ ಒಂದು ಪಾಠ ಗೊತ್ತಿಲ್ಲದ್ದಕ್ಕೆ ನಾನು ಹನ್ನೆರಡು ಕುರಿ ಮತ್ತು ಅರ್ಧ ಎಕರೆ ಈರುಳ್ಳಿ ಕಳೆದುಕೊಂಡಿದ್ದೇನೆ. ಅಷ್ಟು ಫೀಜು ಕಟ್ಟಿ ಕಲಿತದ್ದನ್ನು ನಿಮಗೆ ಪುಕ್ಕಟೆ ಹೇಳಬಹುದಲ್ಲ ಎಂದು ಬರೆಯುತ್ತಿದ್ದೇನೆ.

ನಮ್ಮದು ಚಿತ್ರದುರ್ಗ ಜಿಲ್ಲೆಯ ಒಣ ಸೀಮೆ. ಮಳೆ ನಂಬಿ ಶೇಂಗಾ, ರಾಗಿ, ಸಜ್ಜೆ. ಅಪ್ಪ ತೋಡಿಸಿದ 52 ಅಡಿ ಆಳದ ಒಂದು ತೆರೆದ ಬಾವಿ ಇತ್ತು. ಅದರಲ್ಲಿ 12 ಅಡಿ ಕೆಳಗೆ ಒಂದು ಕಟ್ಟೆ. ಆ ಕಟ್ಟೆಯ ಮೇಲೆ 5 ಅಶ್ವಶಕ್ತಿಯ ಮೋಟಾರು ಮತ್ತು ಪಂಪು. ಚಳಿಗಾಲದಲ್ಲಿ ನೀರು 25 ಅಡಿಯಲ್ಲಿ ನಿಲ್ಲುತ್ತಿತ್ತು. ಒಂದು ಎಕರೆ ಈರುಳ್ಳಿಗೆ ಏನೂ ತೊಂದರೆ ಇರಲಿಲ್ಲ.

1997ರ ಬೇಸಿಗೆಯಲ್ಲಿ ನೀರು ಇಳಿಯುತ್ತಾ ಹೋಯ್ತು. ನಾನು ಸಕ್ಷನ್ ಪೈಪಿಗೆ ತುಂಡು ಸೇರಿಸುತ್ತಾ ಹೋದೆ. ಮೊದಲು ನೀರಿನ ಧಾರೆ ಸಣ್ಣದಾಯ್ತು. ಆಮೇಲೆ ಪಂಪಿನೊಳಗೆ ಡಬ್ಬಿಯಲ್ಲಿ ಜಲ್ಲಿಕಲ್ಲು ಅಲ್ಲಾಡಿಸಿದ ಹಾಗೆ ಸದ್ದು. ಆಮೇಲೆ ನೀರೇ ನಿಂತಿತು. ಬಾವಿಯಲ್ಲಿ ನೀರು ಇದೆ, ಕಣ್ಣಿಗೆ ಕಾಣುತ್ತಿದೆ, 44 ಅಡಿಯಲ್ಲಿ ಎಂಟು ಅಡಿ ನೀರು! ಮೋಟಾರು ಓಡುತ್ತದೆ, ಮೇಲೆ ಮಾತ್ರ ಹನಿಯೂ ಬರಲಿಲ್ಲ. ಈರುಳ್ಳಿ ಗಡ್ಡೆ ಕಟ್ಟುವ ಹೊತ್ತು.

ನೋಡಿದವರೆಲ್ಲ ಹೇಳಿದ್ದು ಒಂದೇ, "ಮೋಟ್ರಿಗೆ ತಾಕತ್ತು ಸಾಲ್ದು." ನನಗೂ ಹಾಗೇ ಅನ್ನಿಸಿತು. ಹನ್ನೆರಡು ಕುರಿ ಮಾರಿ ಏಳೂವರೆ ಅಶ್ವಶಕ್ತಿಯ ಪಂಪ್‌ಸೆಟ್ ತಂದೆ. ಅಂಗಡಿಯವರೂ ಬಾವಿಯ ಆಳ ಎಷ್ಟು, ಪಂಪು ಎಲ್ಲಿ ಕೂರುತ್ತದೆ ಎಂದು ಕೇಳಲಿಲ್ಲ. ಕೂರಿಸಿದೆವು, ಸ್ವಿಚ್ಚು ಹಾಕಿದೆವು. ಸದ್ದು ಮಾತ್ರ ಜೋರಾಯ್ತು. ನೀರಿಲ್ಲ!

ಪಕ್ಕದ ಊರಿನ ಮೆಕ್ಯಾನಿಕ್ ಬಂದವನು ಬಾವಿಗೆ ಒಮ್ಮೆ ಬಗ್ಗಿ ನೋಡಿದ. "ಅಣ್ಣಾ, ಮೋಟ್ರುದು ತಪ್ಪಿಲ್ಲ. ನೀರು ಬಾಳ ಕೆಳಕ್ಕೆ ಹೋಗೈತೆ. ಪಂಪನ್ನೇ ಕೆಳಕ್ಕೆ ಇಳಿಸು, ಹಳೇದೇ ಸಾಕು" ಅಂದ. ಯಾಕೆ ಅಂತ ಕೇಳಿದರೆ ಅವನಿಗೂ ಗೊತ್ತಿಲ್ಲ. "ಇಪ್ಪತ್ತು ಅಡಿ ಮೇಲೆ ಎಳೆಯಲ್ಲ ಅಷ್ಟೇ" ಅಂದ.

ಬಾವಿಯ ಗೋಡೆ ಕಡಿದು 30 ಅಡಿಯಲ್ಲಿ ಇನ್ನೊಂದು ಕಟ್ಟೆ ಮಾಡಿ ಹಳೆಯ ಐದರ ಪಂಪನ್ನೇ ಇಳಿಸಿದೆವು. ನೀರು ಧಾರಾಳ ಬಂತು. ಅಷ್ಟರಲ್ಲಿ ಹದಿನೈದು ದಿನ ಕಳೆದು ಅರ್ಧ ಬೆಳೆ ಒಣಗಿತ್ತು. ಹೊಸ ಮೋಟಾರು ಅರ್ಧ ಬೆಲೆಗೆ ಹೋಯ್ತು.

ಏಳೂವರೆ ಎಳೆಯದ ನೀರನ್ನು ಐದು ಹೇಗೆ ಎತ್ತಿತು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮೂರಿನ ನಿವೃತ್ತ ಹೈಸ್ಕೂಲು ಮೇಷ್ಟ್ರ ಜಗುಲಿಯಲ್ಲಿ ಕೂತು, ಸಂಜೆ ಸಂಜೆ ಕಲಿತೆ. ಅವರು ಕಲಿಸಿದ ಕ್ರಮದಲ್ಲೇ ಹೇಳುತ್ತೇನೆ.

ಒತ್ತಡ ಅಂದರೆ ಏನು?

ಮೊದಲ ಪಾಠ ಬಲ ಮತ್ತು ಒತ್ತಡ ಬೇರೆ ಬೇರೆ ಎಂಬುದು. ತಳ್ಳುವುದು, ಎಳೆಯುವುದು, ಭಾರ ಹೇರುವುದು, ಇದೆಲ್ಲ ಬಲ. ಆ ಬಲ ಎಷ್ಟು ಜಾಗದ ಮೇಲೆ ಬೀಳುತ್ತದೆ ಎಂದು ಲೆಕ್ಕ ಹಾಕಿದರೆ ಅದು ಒತ್ತಡ.

ಹಾರೆಯ ಚೂಪು ತುದಿ ಗಟ್ಟಿ ನೆಲಕ್ಕೆ ಇಳಿಯುತ್ತದೆ. ಅದೇ ಹಾರೆಯನ್ನು ಅಡ್ಡ ಮಲಗಿಸಿ ಬೀಳಿಸಿದರೆ ನೆಲಕ್ಕೆ ಗೀರು ಬೀಳುತ್ತದೆ, ಅಷ್ಟೇ. ಹಾರೆಯ ಭಾರ ಅದೇ, ಜಾಗ ಬೇರೆ. ಕುಡುಗೋಲು ಮಸೆಯುವುದೂ ಇದಕ್ಕೇ. ಬಾಯಿ ತೆಳ್ಳಗಾದಷ್ಟೂ ಅದೇ ಕೈಬಲ ಕಡಿಮೆ ಜಾಗದ ಮೇಲೆ ಬಿದ್ದು ಒತ್ತಡ ಹೆಚ್ಚುತ್ತದೆ. ಕೆಸರು ಗದ್ದೆಯಲ್ಲಿ ಹಲಗೆ ಹಾಕಿ ನಡೆದರೆ ಕಾಲು ಹೂಳದಿರುವುದು ಇದರ ತಿರುವು ಮುರುವು. ಒಂದು ಚದರ ಸೆಂಟಿಮೀಟರಿಗೆ ಇಷ್ಟು ಕಿಲೊ ಎಂದು ಒತ್ತಡವನ್ನು ಹೇಳುತ್ತಾರೆ. ಪಂಪು ಮತ್ತು ಡ್ರಿಪ್ಪಿನ ಕಾಗದಗಳಲ್ಲಿ ಬರೆಯುವ 'ಕೆ.ಜಿ.' ಇದೇ.

ನೀರಿನ ಒತ್ತಡಕ್ಕೆ ಎತ್ತರವೇ ಮುಖ್ಯ

ಒಂದು ಹಳೆಯ ಎಣ್ಣೆ ಡಬ್ಬಕ್ಕೆ ಮೇಲೆ, ನಡುವೆ, ತಳದಲ್ಲಿ ಒಂದೊಂದು ತೂತು ಹೊಡೆದು ನೀರು ತುಂಬಿ ಎತ್ತರದ ಗೋಡೆ ಮೇಲೆ ಇಡಿ. ತಳದ ತೂತಿನ ನೀರು ಎಲ್ಲಕ್ಕಿಂತ ಜೋರಾಗಿ, ದೂರಕ್ಕೆ ಚಿಮ್ಮುತ್ತದೆ. ಮೇಲಿರುವ ನೀರಿನ ಭಾರವೆಲ್ಲ ತಳದ ಮೇಲೆ ಬಿದ್ದಿರುತ್ತದೆ.

ಎಷ್ಟು ಒತ್ತಡ? ಲೆಕ್ಕ ಬಹಳ ಸುಲಭ. ಒಂದು ಚದರ ಸೆಂಟಿಮೀಟರ್ ಬಾಯಿಯ ಪೈಪನ್ನು 10 ಮೀಟರ್ ಎತ್ತರ ನಿಲ್ಲಿಸಿ ನೀರು ತುಂಬಿ. 10 ಮೀಟರ್ ಅಂದರೆ 1000 ಸೆಂಟಿಮೀಟರ್. ಹಿಡಿಯುವ ನೀರು ಒಂದು ಲೀಟರ್. ಅದರ ತೂಕ ಒಂದು ಕಿಲೊ. ಅಂದರೆ 10 ಮೀಟರ್ ನೀರಿನ ತಳದಲ್ಲಿ ಚದರ ಸೆಂಟಿಮೀಟರಿಗೆ ಒಂದು ಕಿಲೊ ಒತ್ತಡ. ಈ ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ. ಮುಂದೆಲ್ಲ ಇದೇ ಬೇಕು.

ಪೈಪು ಅಗಲ ಆದರೆ? ನೀರಿನ ಭಾರ ಹೆಚ್ಚುತ್ತದೆ, ಆದರೆ ಆ ಭಾರ ಬೀಳುವ ಜಾಗವೂ ಅಷ್ಟೇ ಹೆಚ್ಚುತ್ತದೆ. ಆದ್ದರಿಂದ ಒತ್ತಡ ಬದಲಾಗುವುದಿಲ್ಲ. 10 ಅಡಿ ಎತ್ತರದಲ್ಲಿಟ್ಟ ಡ್ರಮ್ಮೂ ಅದೇ ಎತ್ತರದಲ್ಲಿ ಕಟ್ಟಿದ ದೊಡ್ಡ ಟ್ಯಾಂಕೂ ಡ್ರಿಪ್ ಪೈಪಿಗೆ ಕೊಡುವ ಒತ್ತಡ ಒಂದೇ, ಸುಮಾರು 0.3 ಕಿಲೊ. "ದೊಡ್ಡ ಟ್ಯಾಂಕು ಕಟ್ಟಿಸಿದೆ, ಆದರೂ ಪ್ರೆಶರ್ ಬರ್ತಿಲ್ಲ" ಅನ್ನುವವರು ಟ್ಯಾಂಕನ್ನು ಅಗಲಿಸಿದ್ದಾರೆ, ಎತ್ತರಿಸಿಲ್ಲ. ಕೆರೆಯ ಏರಿಗೆ, ನಮ್ಮ ಹೊಲದ ಬದುವಿಗೆ ಬುಡ ಅಗಲ ಇಡುವುದೂ ಇದೇ ಕಾರಣಕ್ಕೆ. ಆಳ ಹೆಚ್ಚಿದ ಕಡೆ ನೀರಿನ ತಳ್ಳು ಹೆಚ್ಚು.

ಗಾಳಿಗೂ ಭಾರ ಇದೆ

ಎರಡನೇ ಪಾಠ ನನಗೆ ನಂಬಲು ಕಷ್ಟವಾಯ್ತು. ನಾವೆಲ್ಲ ಗಾಳಿಯ ಕೆರೆಯ ತಳದಲ್ಲಿ ಬದುಕುತ್ತಿದ್ದೇವೆ. ನಮ್ಮ ತಲೆಯ ಮೇಲೆ ಬಹಳ ಎತ್ತರದವರೆಗೆ ಗಾಳಿ ಇದೆ. ಅದರ ಭಾರ ಸಮುದ್ರ ತೀರದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೊಗಿಂತ ತುಸು ಹೆಚ್ಚು. ಅಂಗೈ 80 ಚದರ ಸೆಂಟಿಮೀಟರ್ ಅಂದುಕೊಂಡರೆ ಅದರ ಮೇಲೆ 80 ಕಿಲೊ, ಎರಡು ಶೇಂಗಾ ಚೀಲದ ಭಾರ! ಕೈ ಯಾಕೆ ಕುಸಿಯುವುದಿಲ್ಲ? ಗಾಳಿ ಕೆಳಗಿನಿಂದಲೂ ಅಷ್ಟೇ ಬಲದಲ್ಲಿ ತಳ್ಳುತ್ತಿದೆ. ಮೈಯೊಳಗಿನ ಒತ್ತಡವೂ ಅದಕ್ಕೆ ಸರಿಸಮ ಇದೆ.

ನೀವೇ ಮಾಡಿ ನೋಡಿ. ಲೋಟದ ತುಂಬ ನೀರು ಹಾಕಿ, ಬಾಯಿಗೆ ದಪ್ಪ ಕಾಗದ ಮುಚ್ಚಿ, ಕೈಯಿಂದ ಒತ್ತಿ ಹಿಡಿದು ಬೋರಲು ಮಾಡಿ. ಮೆಲ್ಲಗೆ ಕೈ ತೆಗೆಯಿರಿ. ಕಾಗದ ಬೀಳುವುದಿಲ್ಲ, ನೀರೂ ಚೆಲ್ಲುವುದಿಲ್ಲ. ಕೆಳಗಿನಿಂದ ಗಾಳಿ ಹಿಡಿದುಕೊಂಡಿದೆ.

ಇನ್ನೊಂದು ನಾವೆಲ್ಲ ಚಿಕ್ಕಂದಿನಲ್ಲಿ ಮಾಡಿದ್ದೇ. ಪಪ್ಪಾಯಿ ಎಲೆಯ ಟೊಳ್ಳು ದಂಟನ್ನು ತೊಳೆದು, ಒಂದು ತುದಿ ನೀರಿನಲ್ಲಿಟ್ಟು ಇನ್ನೊಂದು ತುದಿಯಿಂದ ಹೀರಿ. ನೀರು ಬಾಯಿಗೆ ಬರುತ್ತದೆ. ನಾವು ನೀರನ್ನು ಎಳೆದೆವು ಅಂದುಕೊಳ್ಳುತ್ತೇವೆ. ನಿಜವಾಗಿ ನಾವು ತೆಗೆದದ್ದು ದಂಟಿನೊಳಗಿನ ಗಾಳಿಯನ್ನು. ಒಳಗೆ ಒತ್ತಡ ಕಡಿಮೆ ಆಯ್ತು. ಪಾತ್ರೆಯ ನೀರಿನ ಮೇಲೆ ಹೊರಗಿನ ಗಾಳಿ ಒತ್ತುತ್ತಲೇ ಇದೆ. ಅದು ನೀರನ್ನು ದಂಟಿನೊಳಕ್ಕೆ ತಳ್ಳಿತು. ಈಗ ದಂಟಿನ ನಡುವೆ ಮುಳ್ಳಿನಿಂದ ಒಂದೆರಡು ತೂತು ಮಾಡಿ ಹೀರಿ. ಬರೀ ಗಾಳಿ ಬರುತ್ತದೆ. ಸಕ್ಷನ್ ಪೈಪಿನ ಜಾಯಿಂಟು ಸಡಿಲ ಇದ್ದರೆ ಪಂಪು ನೀರು ಬಿಡುವುದು ಹೀಗೇ.

ಪಂಪೂ ಅಷ್ಟೇ ಮಾಡುತ್ತದೆ. ಒಳಗಿನ ಚಕ್ರ ತಿರುಗಿ ತನ್ನಲ್ಲಿದ್ದ ನೀರನ್ನು ಹೊರಗೆ ಎಸೆಯುತ್ತದೆ. ಚಕ್ರದ ನಡುವೆ ಒತ್ತಡ ಕಡಿಮೆಯಾಗುತ್ತದೆ. ಬಾವಿ ನೀರಿನ ಮೇಲಿರುವ ಗಾಳಿ ಆ ಜಾಗಕ್ಕೆ ನೀರನ್ನು ತಳ್ಳುತ್ತದೆ. ಶುರು ಮಾಡುವಾಗ ಪಂಪಿಗೆ ನೀರು ತುಂಬಬೇಕಾದದ್ದೂ ಇದಕ್ಕೇ. ಎಸೆಯಲು ನೀರಿಲ್ಲದೆ ಬರೀ ಗಾಳಿ ಇದ್ದರೆ ಚಕ್ರ ಎಷ್ಟು ತಿರುಗಿದರೂ ಸಾಕಷ್ಟು ಒತ್ತಡ ಇಳಿಯುವುದಿಲ್ಲ.

ಹಾಗಾದರೆ ಎಷ್ಟು ಎತ್ತರ?

ಈಗ ಎರಡು ಪಾಠ ಸೇರಿಸಿ. ಗಾಳಿಯ ತಳ್ಳು ಚದರ ಸೆಂಟಿಮೀಟರಿಗೆ ಒಂದು ಕಿಲೊ ಚಿಲ್ಲರೆ. ಒಂದು ಕಿಲೊ ಒತ್ತಡಕ್ಕೆ 10 ಮೀಟರ್ ನೀರು. ಆದ್ದರಿಂದ ಗಾಳಿ ಎತ್ತಿ ಹಿಡಿಯಬಲ್ಲ ನೀರಿನ ಕಂಬ ಸಮುದ್ರ ಮಟ್ಟದಲ್ಲಿ 10.3 ಮೀಟರ್, ಅಂದರೆ ಸುಮಾರು 34 ಅಡಿ. ಪಂಪಿನೊಳಗೆ ಗಾಳಿಯನ್ನು ಪೂರ್ತಿ ಖಾಲಿ ಮಾಡಿದರೂ ಇದಕ್ಕಿಂತ ಒಂದು ಅಂಗುಲ ಮೇಲೆ ಬರುವುದಿಲ್ಲ. ಖಾಲಿಗಿಂತ ಹೆಚ್ಚು ಖಾಲಿ ಮಾಡಲು ಆಗುತ್ತದೆಯೇ? ಏಳೂವರೆ ಅಲ್ಲ, ಎಪ್ಪತ್ತೈದು ಅಶ್ವಶಕ್ತಿ ತಂದರೂ ಅಷ್ಟೇ.

ಇದರಲ್ಲೂ ಕಳೆಯಬೇಕಾದದ್ದು ಇದೆ. ನಮ್ಮ ಬಯಲು ಸೀಮೆ ಸಮುದ್ರ ಮಟ್ಟದಿಂದ ಸುಮಾರು 2000 ಅಡಿ ಮೇಲಿದೆ. ಮೇಲೆ ಹೋದಷ್ಟೂ ತಲೆ ಮೇಲಿನ ಗಾಳಿ ಕಡಿಮೆ. ಸಾವಿರ ಅಡಿಗೆ ಒಂದಡಿ ಚಿಲ್ಲರೆ ಕಳೆಯಿರಿ. ಬೇಸಿಗೆಯಲ್ಲಿ ನೀರು ಬಿಸಿಯಿದ್ದರೆ ಪೈಪಿನೊಳಗೆ ಆವಿ ಎದ್ದು ಇನ್ನೊಂದಡಿ ಹೋಗುತ್ತದೆ. ಅಲ್ಲಿಗೆ 30 ಅಡಿ. ಇದು ನಿಂತ ನೀರಿನ ಲೆಕ್ಕ. ನೀರು ಹರಿಯಬೇಕಾದರೆ ಫುಟ್‌ವಾಲ್ವ್, ಬೆಂಡು, ಪೈಪಿನ ಒಳಮೈ ಉಜ್ಜಾಟಕ್ಕೂ ಗಾಳಿಯ ಬಲ ಖರ್ಚಾಗಬೇಕು. ಕೊನೆಗೆ ಭರವಸೆ ಇಡಬಹುದಾದದ್ದು 20ರಿಂದ 22 ಅಡಿ. ಮೆಕ್ಯಾನಿಕ್ ಹೇಳಿದ ಇಪ್ಪತ್ತು ಅಡಿ ಇದೇ. ನನ್ನ ಬಾವಿಯಲ್ಲಿ 12 ಅಡಿಯ ಕಟ್ಟೆಯಿಂದ 44 ಅಡಿಯ ನೀರಿಗೆ 32 ಅಡಿ ಇತ್ತು. ಹೇಗೆ ಬರಬೇಕು?

ಆ ಜಲ್ಲಿಕಲ್ಲಿನ ಸದ್ದಿಗೂ ಅರ್ಥ ಸಿಕ್ಕಿತು. ಒತ್ತಡ ಬಹಳ ಇಳಿದಾಗ ನೀರು ಬಿಸಿ ಮಾಡದೆಯೇ ಗುಳ್ಳೆ ಗುಳ್ಳೆಯಾಗಿ ಕುದಿಯುತ್ತದೆ. ಆ ಗುಳ್ಳೆ ಚಕ್ರದಲ್ಲಿ ಒಡೆಯುವ ಸದ್ದು ಅದು. ಹಾಗೇ ಓಡಿಸಿದರೆ ಚಕ್ರ ತಿಂದುಹೋಗುತ್ತದೆ.

ಬಾವಿಯಲ್ಲಿ ಪರೀಕ್ಷೆ

ನನಗೆ ಆದರೂ ಅನುಮಾನ. ಬದು ಹಾಕಲು ಮಟ್ಟ ನೋಡುವ ಪಾರದರ್ಶಕ ಪೈಪು ನಮ್ಮಲ್ಲಿತ್ತು, ದಪ್ಪ ಗೋಡೆಯದು, 50 ಅಡಿ. ಮೇಷ್ಟ್ರು ಮತ್ತು ನಾನು ಅದರಲ್ಲಿ ಗುಳ್ಳೆ ಇಲ್ಲದ ಹಾಗೆ ನೀರು ತುಂಬಿ, ಒಂದು ತುದಿಯನ್ನು ಮಡಚಿ ತಂತಿ ಬಿಗಿದೆವು. ಇನ್ನೊಂದು ತುದಿಗೆ ಕಲ್ಲು ಕಟ್ಟಿ, ಬಾಯಿ ತೆರೆದೇ ಬಾವಿ ನೀರಿನಲ್ಲಿ ಮುಳುಗಿಸಿದೆವು. ಮುಚ್ಚಿದ ತುದಿಯನ್ನು ಮೆಲ್ಲಗೆ ಮೇಲೆ ಎಳೆದೆವು. 20 ಅಡಿ, 25 ಅಡಿ, ಪೈಪಿನ ತುದಿವರೆಗೂ ನೀರು ತುಂಬಿಯೇ ಇತ್ತು. 29 ಅಡಿ ದಾಟಿದ ಮೇಲೆ ತುದಿಯಲ್ಲಿ ಖಾಲಿ ಜಾಗ ಕಾಣಿಸಿತು. ಪೈಪು ಎಷ್ಟು ಮೇಲೆತ್ತಿದರೂ ನೀರು ಅಲ್ಲೇ ನಿಂತಿತು. ನೀರಿನ ನೆತ್ತಿಯಲ್ಲಿ ಸಣ್ಣ ಗುಳ್ಳೆ ಏಳುತ್ತಿತ್ತು. ಹನ್ನೆರಡು ಕುರಿ ಹೋದ ಜಾಗ ಅದು ಅಂತ ಬೆರಳಿಟ್ಟು ತೋರಿಸಿದೆ. (ಇದನ್ನು ಮಾಡುವವರು ಒಬ್ಬರೇ ಮಾಡಬೇಡಿ, ಸೊಂಟಕ್ಕೆ ಹಗ್ಗ ಇರಲಿ.)

ನಾಲ್ಕು ನೂರು ವರ್ಷದ ಹಿಂದೆಯೂ ಇದೇ ಕಥೆ

ಮೇಷ್ಟ್ರು ಇನ್ನೊಂದು ಸಂಗತಿ ಹೇಳಿದಾಗ ನನಗೆ ಸಮಾಧಾನವಾಯ್ತು. ಇಟಲಿಯ ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇಂಥದೇ ಪ್ರಸಂಗ ಬರೆದಿದ್ದಾನೆ. ಒಂದು ಪಂಪಿನಲ್ಲಿ ನೀರು ಬಾರದೆ ರಿಪೇರಿಯವನನ್ನು ಕರೆಸುತ್ತಾರೆ. ಪಂಪು ಕೆಟ್ಟಿಲ್ಲ, ನೀರು ಬಹಳ ಕೆಳಗೆ ಹೋಗಿದೆ, ಹದಿನೆಂಟು ಮೊಳದ ಮೇಲೆ ಯಾವ ಪಂಪೂ ಎಳೆಯುವುದಿಲ್ಲ ಎಂದು ಅವನು ಹೇಳುತ್ತಾನೆ. ನಮ್ಮ ಮೆಕ್ಯಾನಿಕ್ ಹೇಳಿದ್ದೇ! ಅಷ್ಟು ದೊಡ್ಡ ಗೆಲಿಲಿಯೊಗೂ ಸರಿಯಾದ ಕಾರಣ ಹೊಳೆಯಲಿಲ್ಲ. ಉದ್ದದ ಹಗ್ಗ ತನ್ನ ಭಾರಕ್ಕೇ ಹರಿಯುವಂತೆ ನೀರಿನ ಕಂಬ ಹರಿಯುತ್ತದೆ ಅಂದುಕೊಂಡ.

1643ರ ಸುಮಾರಿಗೆ ಟಾರಿಸೆಲ್ಲಿ ಎಂಬವನು ನೀರಿನ ಬದಲು ಪಾದರಸ ಬಳಸಿದ. ಅದು ನೀರಿಗಿಂತ 13.6 ಪಟ್ಟು ಭಾರ. ಗಾಜಿನ ನಳಿಗೆಯಲ್ಲಿ ಅದು 76 ಸೆಂಟಿಮೀಟರಿಗೇ ನಿಂತಿತು. 76ನ್ನು 13.6ರಿಂದ ಗುಣಿಸಿ, ಅದೇ 10.3 ಮೀಟರ್ ಬರುತ್ತದೆ. ಹಿಡಿದು ನಿಲ್ಲಿಸಿರುವುದು ಹೊರಗಿನ ಗಾಳಿಯೇ ಎಂದು ಅವನು ತಿಳಿದ. 1648ರಲ್ಲಿ ಫ್ರಾನ್ಸಿನ ಪಾಸ್ಕಲ್ ತನ್ನ ಭಾವನಿಂದ ಆ ನಳಿಗೆಯನ್ನು ಪೂಯಿ ದ ಡೋಮ್ ಎಂಬ ಬೆಟ್ಟದ ಮೇಲೆ ಹೊರಿಸಿದ. ಬುಡದಲ್ಲಿದ್ದದ್ದಕ್ಕಿಂತ ಪಾದರಸ ಬೆಟ್ಟದ ತುದಿಯಲ್ಲಿ ಸುಮಾರು 8 ಸೆಂಟಿಮೀಟರ್ ಇಳಿದಿತ್ತು. ಮೇಲೆ ಗಾಳಿ ಕಡಿಮೆ, ಅದರ ತಳ್ಳೂ ಕಡಿಮೆ.

ಅಶ್ವಶಕ್ತಿ ಯಾವುದಕ್ಕೆ?

ಹಾಗಾದರೆ ದೊಡ್ಡ ಮೋಟಾರು ವ್ಯರ್ಥವೇ? ಅಲ್ಲ. ಪಂಪಿನ ತನಕ ನೀರು ತರುವುದು ಗಾಳಿಯ ಕೆಲಸ. ಅಲ್ಲಿಂದ ಮೇಲೆ ತಳ್ಳುವುದು ಮೋಟಾರಿನ ಕೆಲಸ. ಅಶ್ವಶಕ್ತಿ ಲೆಕ್ಕಕ್ಕೆ ಬರುವುದು ಈ ತಳ್ಳುವ ಕಡೆ.

ಭೌತಶಾಸ್ತ್ರದಲ್ಲಿ ಭಾರ ಎತ್ತಿದರೆ ಅದು ಕೆಲಸ. ಒಂದು ಸೆಕೆಂಡಿಗೆ ಎಷ್ಟು ಕೆಲಸ ಎಂಬುದು ಸಾಮರ್ಥ್ಯ. ಸೆಕೆಂಡಿಗೆ 75 ಕಿಲೊ ಭಾರವನ್ನು ಒಂದು ಮೀಟರ್ ಎತ್ತಿದರೆ ಹತ್ತಿರ ಹತ್ತಿರ ಒಂದು ಅಶ್ವಶಕ್ತಿ. 20 ಲೀಟರ್ ಕೊಡಪಾನವನ್ನು 10 ಮೀಟರ್ ಆಳದಿಂದ 20 ಸೆಕೆಂಡಿನಲ್ಲಿ ಸೇದುವವರು ಸೆಕೆಂಡಿಗೆ ಹತ್ತರ ಕೆಲಸ ಮಾಡುತ್ತಾರೆ. ಅಂಥ ಏಳೆಂಟು ಜನ ಸೇರಿದರೆ ಒಂದು ಅಶ್ವಶಕ್ತಿ.

ಐದು ಅಶ್ವಶಕ್ತಿ ಅಂದರೆ 375. ಮೋಟಾರು, ಪಂಪು, ಪೈಪಿನಲ್ಲಿ ಅರ್ಧ ಹೋಯಿತು ಅನ್ನಿ, 187 ಉಳಿಯಿತು. 15 ಮೀಟರ್ ಎತ್ತರಕ್ಕೆ ಭಾಗಿಸಿದರೆ ಸೆಕೆಂಡಿಗೆ 12 ಲೀಟರ್. ನನಗೆ ಬೇಕಾದ್ದಕ್ಕಿಂತ ಹೆಚ್ಚೇ. ಕೆಳಗಿನ ಕಟ್ಟೆಗೆ ಇಳಿಸಿದಾಗ ಗಾಳಿ ತಳ್ಳಬೇಕಾದದ್ದು 14 ಅಡಿ ಮಾತ್ರ, ಮಿಕ್ಕ 30 ಅಡಿ ಮೋಟಾರು ತಳ್ಳಿತು. ಗುಟ್ಟು ಇಷ್ಟೇ.

ಬೋರ್‌ವೆಲ್‌ಗೆ ಸಬ್‌ಮರ್ಸಿಬಲ್ ಯಾಕೆ ಇಳಿಸುತ್ತಾರೆ ಎಂಬುದೂ ಈಗ ತಿಳಿಯಿತು. ಪಂಪು ನೀರಿನೊಳಗೇ ಇದ್ದರೆ ಎಳೆಯುವ ಮಾತೇ ಇಲ್ಲ, ಬರೀ ತಳ್ಳುವುದು. ಊರಿನ ಇಂಡಿಯಾ ಮಾರ್ಕ್ ಎರಡು ಕೈಪಂಪಿನಲ್ಲೂ ಸಿಲಿಂಡರ್ ಇರುವುದು ಕೆಳಗೆ ನೀರಿನಲ್ಲಿ. ಮೇಲೆ ಕಾಣುವುದು ಬರೀ ಹಿಡಿ.

ಆದರೆ ತಳ್ಳುವುದಕ್ಕೆ ಮಿತಿ ಇಲ್ಲದಿದ್ದರೂ ಖರ್ಚಿದೆ. ಸಾವಿರ ಲೀಟರನ್ನು 30 ಅಡಿಯಿಂದ ಎತ್ತಲು ಬೇಕಾಗುವ ಕರೆಂಟು ಒಂದು ಯೂನಿಟ್ಟಿನ ನಲವತ್ತನೇ ಒಂದು ಪಾಲು. ಸಾವಿರ ಅಡಿಯಿಂದ ಅದೇ ನೀರಿಗೆ ಮುಕ್ಕಾಲು ಯೂನಿಟ್ಟಿಗಿಂತ ಹೆಚ್ಚು. ಪಂಪಿನ ನಷ್ಟ ಸೇರಿಸಿದರೆ ಎರಡೂ ಕಡೆ ಇದರ ಎರಡು ಪಟ್ಟಾದರೂ ಆಗುತ್ತದೆ. ಬಿಲ್ಲು ಯಾರು ಕಟ್ಟಿದರೂ ಈ ಲೆಕ್ಕ ತಪ್ಪುವುದಿಲ್ಲ.

ಹೊಂಡದ ನೀರಿಗೆ ಅದೇ ಪಾಠ

ನನ್ನ ಆ ಬಾವಿ ಈಗ ಒಣಗಿದೆ. ಸುತ್ತ ಬೋರ್‌ವೆಲ್ ಬಂದ ಮೇಲೆ ಹಾಗಾಯ್ತು. ಈಗ ಹೊಲದ ನಡುವೆ ಒಂದು ಕೃಷಿ ಹೊಂಡವಿದೆ. ಅದರ ಕೆಳಗಿನ ಹೊಲ ಏಳು ಅಡಿ ತಗ್ಗು. ಎರಡು ಇಂಚಿನ ಪೈಪಿನಲ್ಲಿ ನೀರು ತುಂಬಿ, ಎರಡೂ ಬಾಯಿ ಮುಚ್ಚಿ, ಒಂದು ತುದಿ ಹೊಂಡದಲ್ಲಿ ಮುಳುಗಿಸಿ, ಇನ್ನೊಂದನ್ನು ಏರಿ ದಾಟಿಸಿ ಕೆಳಗಿನ ಹೊಲದಲ್ಲಿ ತೆರೆಯುತ್ತೇನೆ. ಮೋಟಾರು ಇಲ್ಲದೆ ನೀರು ಏರಿ ಹತ್ತಿ ಇಳಿಯುತ್ತದೆ. ಇದೇ ಸೈಫನ್. ಇಳಿಯುವ ಕಡೆಯ ನೀರಿನ ಭಾರ ಹೆಚ್ಚು, ಅದು ಕೆಳಗೆ ಜಾರುವಾಗ ಹಿಂದಿನ ನೀರನ್ನು ಹೊಂಡದ ಮೇಲಿನ ಗಾಳಿ ತಳ್ಳುತ್ತದೆ. ಷರತ್ತು ಎರಡೇ: ಹೊರಬಾಯಿ ಹೊಂಡದ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿರಬೇಕು, ಪೈಪಿನಲ್ಲಿ ಎಲ್ಲೂ ಗಾಳಿ ಸೇರಬಾರದು. ಹೊಂಡದ ನೀರು ಇಳಿದು ಎರಡೂ ಮಟ್ಟ ಒಂದಾದರೆ ನಿಲ್ಲುತ್ತದೆ.

ನೆನಪಿಡಲು

1. ತೆರೆದ ಬಾವಿ, ಹೊಂಡ, ಹಳ್ಳಕ್ಕೆ ಪಂಪು ಕೂರಿಸುವಾಗ ಬೇಸಿಗೆಯ ನೀರಿನ ಮಟ್ಟ ಅಳೆಯಿರಿ. ಅಲ್ಲಿಂದ ಪಂಪಿಗೆ 20 ಅಡಿ ಮೀರಬಾರದು.

2. ಸಕ್ಷನ್ ಪೈಪು ಡೆಲಿವರಿಗಿಂತ ದಪ್ಪ ಇರಲಿ, ಬೆಂಡು ಕಡಿಮೆ ಇರಲಿ. ಅಗಲದ ಪೈಪು ಉಜ್ಜಾಟ ತಗ್ಗಿಸುತ್ತದೆ, 34 ಅಡಿಯ ಮಿತಿಯನ್ನು ಹೆಚ್ಚಿಸುವುದಿಲ್ಲ.

3. ನೀರು ಬಾರದಿದ್ದರೆ ಮೊದಲು ನೋಡಬೇಕಾದದ್ದು ಜಾಯಿಂಟು, ಗ್ಲ್ಯಾಂಡು, ಫುಟ್‌ವಾಲ್ವ್. ಮೋಟಾರು ಕೊನೆಗೆ.

4. ಪಂಪನ್ನು ಕೆಳಗಿಳಿಸಿದವರು ಮಳೆಗಾಲಕ್ಕೆ ಮುಂಚೆ ಮೇಲೆತ್ತಿ. ಒಂದೇ ರಾತ್ರಿಯ ಮಳೆಗೆ ಮುಳುಗೀತು.

5. ಹೊಸ ಪಂಪು ಕೊಳ್ಳುವಾಗ ಅಂಗಡಿಯವರು ಆಳ, ಎತ್ತರ ಕೇಳದಿದ್ದರೆ ನೀವೇ ಹೇಳಿ. ಹೇಳಿದರೂ ಲೆಕ್ಕ ಹಾಕದಿದ್ದರೆ ಬೇರೆ ಅಂಗಡಿ ನೋಡಿ.

ಈ ಲೆಕ್ಕಗಳಿಗೆಲ್ಲ ಬೇಕಾದದ್ದು ಗುಣಾಕಾರ, ಭಾಗಾಕಾರ ಮಾತ್ರ. ಅದು ನಮಗೆ ಏಳನೇ ಕ್ಲಾಸಿಗೇ ಬರುತ್ತಿತ್ತು. ಕುರಿ ಮಾರುವ ಮುಂಚೆ ಒಂದು ಸಂಜೆ ಮೇಷ್ಟ್ರ ಜಗುಲಿಗೆ ಹೋಗಬೇಕಿತ್ತು, ಅಷ್ಟೇ. ನಿಮ್ಮೂರಲ್ಲೂ ಅಂಥ ಒಬ್ಬರು ಇರುತ್ತಾರೆ. ಹೋಗಿ ಕೇಳಿ.